‘ಎಲ್ಲಾ ಮೊಬೈಲಲ್ಲೇ ಸಿಗುತ್ತೆ’ ಅನ್ನುವವರಿಗೆ

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಮೊನ್ನೆ ಸಭೆಯಲ್ಲಿ ಸದಸ್ಯರೊಬ್ಬರು, “ಕೊರೊನಾ ಟೈಮಲ್ಲಿ ಬಾಗಿಲು ಹಾಕಿತ್ತಲ್ಲ, ಯಾರಿಗೇನು ಕಮ್ಮಿ ಆಯ್ತು? ಎಲ್ಲಾ ಮೊಬೈಲಲ್ಲೇ ಸಿಗುತ್ತೆ” ಅಂದುಬಿಟ್ಟರು. ನನಗೆ ಮಾತೇ ಹೊರಡಲಿಲ್ಲ. ಏನು ಹೇಳಬೇಕಿತ್ತು ಮೇಷ್ಟ್ರೇ? ಮತ್ತೆ ಅಂಥ ಕಾಲ ಬಂದರೆ ನಾನೇನು ಮಾಡಬಹುದು?

ಉತ್ತರ: ಮೊದಲು ಅವರಿಗೆ ಮನೆ ಕಂದಾಯದ ಲೆಕ್ಕ ತೋರಿಸಿ, ತಾಯಿ. ಕಂದಾಯದ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇದೆ. ಊರಿನವರು ದುಡ್ಡು ಕೊಟ್ಟು ನಡೆಸುವ ಜಾಗ ಅದು. ಮುಚ್ಚಿದರೆ ಕೇಳುವ ಹಕ್ಕು ಊರಿಗಿದೆ.

ಇನ್ನು ಮೊಬೈಲು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 2020ರಲ್ಲೇ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿ ಶುರುವಾಯಿತು. ಇ-ಸಾರ್ವಜನಿಕ ಗ್ರಂಥಾಲಯ ಅನ್ನುವ ಆ್ಯಪ್ ಕೂಡ ಬಂತು. ಅದೂ ಪುಕ್ಕಟೆ. ಕೋಲಾರದ ನಮ್ಮ ಬೀದಿಯ ಹುಡುಗರು ಪರೀಕ್ಷೆಗೆ ಅದರಲ್ಲೇ ಓದಿಕೊಂಡರು. ಆದರೆ ಮನೆಗೆ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಇರುವುದು ಅಪ್ಪನ ಜೇಬಲ್ಲಿ. ಅಪ್ಪ ಟೊಮೆಟೊ ಲೋಡಿನ ಜೊತೆ ಕೋಲಾರದ ಎಪಿಎಂಸಿಗೆ ಹೊರಟರೆ ಫೋನೂ ಹೊರಟಿತು. ಆರನೇ ಕ್ಲಾಸಿನ ಮಗಳು ಯಾವುದರಲ್ಲಿ ಓದಬೇಕು? ರೀಚಾರ್ಜು, ನೆಟ್‌ವರ್ಕಿನ ಮಾತು ಬಿಡಿ.

ಶಾಲೆ ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿದ್ದು ಇಂಥ ಮಕ್ಕಳಿಗೇ. ಪಂಚಾಯ್ತಿ ಗ್ರಂಥಾಲಯದಲ್ಲಿ ಅವರಿಗೆ ಉಚಿತ ಸದಸ್ಯತ್ವ ಕೊಟ್ಟರು. ಆಗ ವಾಪಸ್ ಬಂದ ಒಂದು ಕಥೆ ಪುಸ್ತಕ ನೋಡಿದ್ದೆ. ಹಾಳೆಗಳ ಅಂಚಿನಲ್ಲೆಲ್ಲ ಅರಿಶಿನದ ಬೆರಳಚ್ಚು. ಪುಟ್ಟ ಬೆರಳಿನದಲ್ಲ, ದೊಡ್ಡವರದು. ಮಗು ತಂದ ಪುಸ್ತಕವನ್ನು ಅಮ್ಮ ಒಲೆ ಮುಂದೆ ಕೂತು ಓದಿದ್ದಾಳೆ. ಈ ಓದುಗರು ಯಾವ ಆ್ಯಪಿನ ಲೆಕ್ಕಕ್ಕೂ ಸಿಗುವುದಿಲ್ಲ.

ಮತ್ತೆ ಅಂಥ ಕಾಲ ಬಂದರೆ ಬಾಗಿಲಿಗೆ ಅಡ್ಡ ಒಂದು ಮೇಜು ಹಾಕಿ, ಯಾರನ್ನೂ ಒಳಗೆ ಬಿಡದೆ ಪುಸ್ತಕ ಕೊಡಿ. ಅದಕ್ಕಿಂತ ಒಳ್ಳೆಯ ಜಾಗ ಹಾಲಿನ ಡೈರಿ. ಬೆಳಿಗ್ಗೆ, ಸಂಜೆ ಊರೆಲ್ಲ ಅಲ್ಲಿಗೆ ಬಂದೇ ಬರುತ್ತದೆ. ಲಾಕ್‌ಡೌನ್ ಅಂತ ಹಸು ಹಾಲು ನಿಲ್ಲಿಸುತ್ತದಾ? ಪಕ್ಕದಲ್ಲೊಂದು ಟೊಮೆಟೊ ಕ್ರೇಟಿನ ತುಂಬ ಪುಸ್ತಕ, ಒಂದು ರಿಜಿಸ್ಟರ್ ಇದ್ದರೆ ಸಾಕು. ಇದನ್ನು ಆಶಾ ಕಾರ್ಯಕರ್ತೆಯರ ತಲೆಗೆ ಮಾತ್ರ ಕಟ್ಟಬೇಡಿ. ಅವರಿಗಿರುವ ಕೆಲಸವೇ ಜಾಸ್ತಿ.

ಪುಸ್ತಕ ಒಂದೇ ಅಲ್ಲ. 2021ರ ಮೇನಲ್ಲಿ 18ರಿಂದ 44 ವರ್ಷದವರು ಲಸಿಕೆಗೆ ಕೋವಿನ್‌ನಲ್ಲಿ ಹೆಸರು ನೋಂದಾಯಿಸಬೇಕಿತ್ತು. ಒಟಿಪಿ ಬಂದರೆ ಸ್ಲಾಟ್ ಇಲ್ಲ, ಎಷ್ಟು ಪರದಾಟ! ಅದನ್ನು ಗ್ರಂಥಾಲಯದ ಕಿಟಕಿಯಲ್ಲಿ ಕೂತು ಮಾಡಿಕೊಟ್ಟರೆ ಯಾರು ಬೇಡ ಅನ್ನುತ್ತಾರೆ? ವಾಟ್ಸಾಪಿನ ಕಷಾಯ ಪುರಾಣದ ಎದುರಿಗೆ ಆರೋಗ್ಯ ಇಲಾಖೆಯ ಸೂಚನೆಯನ್ನು ಬೋರ್ಡಿಗೆ ಅಂಟಿಸುವುದೂ ನಿಮ್ಮ ಕೆಲಸವೇ. ಸದ್ಯಕ್ಕೆ ಮಕ್ಕಳ ಹೆಸರಿನ ಮುಂದೆ ಮನೆಯವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಹುಡುಕಲು ಆಗುವುದಿಲ್ಲ.

ಪ್ರಶ್ನೆ: ವಾಪಸ್ ಬಂದ ಪುಸ್ತಕಕ್ಕೆ ಸ್ಯಾನಿಟೈಸರ್ ಹೊಡೆಯಬೇಕಾ? (ಮಾಲೂರಿನಿಂದ ಒಬ್ಬ ಓದುಗರು)

ಉತ್ತರ: ಬೇಡ ಸ್ವಾಮಿ. ಶಾಯಿ ಹರಡುತ್ತದೆ, ಹಾಳೆ ಸುಕ್ಕಾಗುತ್ತದೆ. 2020ರಲ್ಲಿ ಅಮೆರಿಕದಲ್ಲಿ ಗ್ರಂಥಾಲಯಗಳಿಗೆಂದೇ ಪರೀಕ್ಷೆ ನಡೆಸಿದರು. ಪೇರಿಸಿಟ್ಟ ಪುಸ್ತಕಕ್ಕಿಂತ ಬಿಡಿಯಾಗಿಟ್ಟ ಪುಸ್ತಕದಲ್ಲಿ ವೈರಸ್ ಬೇಗ ಹೋಯಿತು. ಆಗ ಕೆಲವು ದಿನ ಬೇರೆ ಎತ್ತಿಡುತ್ತಿದ್ದರು. ಆದರೆ 2021ರ ಏಪ್ರಿಲ್ ಹೊತ್ತಿಗೆ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕಿರುವ ವಸ್ತು ಮುಟ್ಟಿದರೆ ಅಂಟುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಮ್ಮಿ ಅಂದಿತು. ಕೊರೊನಾ ಹೆಚ್ಚಾಗಿ ಹರಡಿದ್ದು ಉಸಿರಿನಿಂದ. ಕಿಟಕಿ ತೆಗೆದಿಡಿ, ಸೋಪು ಹಾಕಿ ಕೈ ತೊಳೆಯಿರಿ.