ಎಡಿನ್‌ಬರೋದಿಂದ ಗ್ರೇಸ್ ಡಾರ್ಲಿಂಗ್ ಮ್ಯೂಸಿಯಂಗೆ ಹೋಗಿಬರೋದು ಸಾರ್ಥಕವಾ?

ಎಡಿನ್‌ಬರೋಗೆ ಬರುತ್ತಿದ್ದೀರಿ, ಜೊತೆಗೆ ಹತ್ತು ವರ್ಷದ ಮಗಳು, ಒಡೆದ ಹಡಗಿನ ಜನರನ್ನು ಅಪ್ಪನ ಜೊತೆ ಕಾಪಾಡಿದ ಗ್ರೇಸ್ ಡಾರ್ಲಿಂಗ್ ನೆನಪಿಗೆ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಬ್ಯಾಂಬರೋ ಹಳ್ಳಿಯಲ್ಲಿರುವ ಈ ಪುಟ್ಟ ಮ್ಯೂಸಿಯಂಗೆ ಒಂದು ದಿನ ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಿ. ಆದರೆ ಮ್ಯೂಸಿಯಂಗೆ ಒಂದು ಗಂಟೆ ಸಾಕು, ಉಳಿದ ಹೊತ್ತನ್ನು ಸಮುದ್ರಕ್ಕೆ ಇಟ್ಟುಕೊಳ್ಳಿ. ಆ ಹಡಗು ಒಡೆದ ಬಂಡೆಗಳನ್ನು ಕಣ್ಣಾರೆ ನೋಡದಿದ್ದರೆ ಮ್ಯೂಸಿಯಂ ನೋಡಿದ್ದು ಅರ್ಧವೇ.

ಕಥೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. 1838ರ ಸೆಪ್ಟೆಂಬರ್ 7. ಹಲ್‌ನಿಂದ ಡಂಡೀಗೆ ಹೊರಟಿದ್ದ ಫಾರ್ಫಾರ್‌ಶೈರ್ ಎಂಬ ಉಗಿಹಡಗಿನ ಬಾಯ್ಲರ್ ಕೈಕೊಟ್ಟಿತು. ಬಿರುಗಾಳಿಗೆ ಸಿಕ್ಕಿ, ಬ್ಯಾಂಬರೋ ಕರಾವಳಿಯಾಚೆಯ ಫಾರ್ನ್ ದ್ವೀಪಗಳ ಬಿಗ್ ಹಾರ್ಕರ್ ಬಂಡೆಗೆ ಬಡಿದು ಹಡಗು ಎರಡು ಹೋಳಾಯಿತು. ಹತ್ತಿರದ ಲಾಂಗ್‌ಸ್ಟೋನ್ ಲೈಟ್‌ಹೌಸ್‌ನಲ್ಲಿದ್ದ ಗ್ರೇಸ್‌ಗೆ ಆಗ 22 ವರ್ಷ. ಅಲ್ಲಿನ ದೀಪ ನೋಡಿಕೊಳ್ಳುತ್ತಿದ್ದವನು ಅವಳಪ್ಪ ವಿಲಿಯಂ. ಬೆಳಗಿನ ಐದಕ್ಕೂ ಮುಂಚೆ ಅವಳಿಗೆ ಒಡೆದ ಹಡಗು ಕಂಡಿತ್ತು. ಏಳರ ಹೊತ್ತಿಗೆ ನೀರು ಇಳಿದಾಗ ಬಂಡೆಯ ಮೇಲೆ ಜನ ಇರುವುದು ಗೊತ್ತಾಯಿತು. ಅಪ್ಪ ಮಗಳು ದೋಣಿ ಇಳಿಸಿದರು.

ನನಗೆ ಜಾಸ್ತಿ ಹಿಡಿಸಿದ್ದು ಅವರ ಲೆಕ್ಕಾಚಾರ. ಇಬ್ಬರೇ ಹುಟ್ಟು ಹಾಕಿಕೊಂಡು ವಾಪಸ್ ಬರುವುದು ಆಗದ ಮಾತು ಅಂತ ಅವರಿಗೆ ಗೊತ್ತಿತ್ತು. ಬದುಕಿರುವವರಲ್ಲಿ ಒಂದಿಬ್ಬರಾದರೂ ಕೈಜೋಡಿಸುತ್ತಾರೆ ಅಂತ ನಂಬಿ ಹೊರಟರು. ಸುಮ್ನೆ ಆವೇಶದಲ್ಲಿ ಧುಮುಕಿದ್ದಲ್ಲ. ಅಪ್ಪ ಬಂಡೆಗೆ ಹಾರಿದ ಮೇಲೆ, ದೋಣಿ ತಾಗಿ ಒಡೆಯದ ಹಾಗೆ ಗ್ರೇಸ್ ಒಬ್ಬಳೇ ಹುಟ್ಟು ಹಿಡಿದು ನಿಭಾಯಿಸಿದಳು. ಬಂಡೆ ಮೇಲೆ ಬದುಕಿದ್ದವರು ಒಂಬತ್ತು ಜನ. ಎಲ್ಲರೂ ಒಂದೇ ಸಲಕ್ಕೆ ಹಿಡಿಸುತ್ತಿರಲಿಲ್ಲ. ಮೊದಲು ಐವರು ಬಂದರು. ಅವರಲ್ಲಿ ಸಾರಾ ಡಾಸನ್ ಎಂಬ ತಾಯಿಯೂ ಇದ್ದಳು, ಅವಳ ಇಬ್ಬರು ಮಕ್ಕಳು ತೋಳಲ್ಲೇ ತೀರಿಹೋಗಿದ್ದರು. (ಈ ಭಾಗವನ್ನು ಮಗಳಿಗೆ ನೀವೇ ಮೊದಲು ಹೇಳಿಬಿಡಿ, ಅಲ್ಲಿ ಹೋಗಿ ಓದಿ ಬೆಚ್ಚಿಬೀಳೋದು ಬೇಡ.) ಎರಡನೇ ಸಲ ಗ್ರೇಸ್ ಹೋಗಲಿಲ್ಲ. ಅಪ್ಪ, ಪಾರಾಗಿ ಬಂದಿದ್ದ ನಾವಿಕರ ಜೊತೆ ಹೋಗಿ ಉಳಿದ ನಾಲ್ವರನ್ನು ಕರೆತಂದ.

ಆ ದೋಣಿಯೇ ಮ್ಯೂಸಿಯಂನಲ್ಲಿದೆ. ಕೋಬಲ್ ಅನ್ನುತ್ತಾರೆ, ಆ ಕರಾವಳಿಯ ಮೀನುಗಾರರ ದೋಣಿ. ಉದ್ದ ಸುಮಾರು 21 ಅಡಿ. ಮಗಳನ್ನು ಅದರ ಪಕ್ಕ ನಿಲ್ಲಿಸಿ, ಐದು ಜನ ಒದ್ದೆ ಬಟ್ಟೆಯಲ್ಲಿ ಎಲ್ಲಿ ಕೂತಿರಬಹುದು ಅಂತ ಕೇಳಿ ನೋಡಿ. ಅದೊಂದಕ್ಕೇ ಹೋಗಬಹುದು.

ಉಳಿದದ್ದರಲ್ಲಿ ಜಾಸ್ತಿ ಭಾಗ ಅವಳ ಖ್ಯಾತಿಯದ್ದು. ಪತ್ರಿಕೆಗಳು ಹುಚ್ಚೆದ್ದು ಬರೆದವು. ಚಿತ್ರಕಾರರು ಸಾಲುಗಟ್ಟಿ ಬಂದರು. ಯಾರ್ಯಾರೋ ಕಾಗದ ಬರೆದು ಅವಳ ಕೂದಲಿನ ಎಳೆ ಕೇಳಿದರು! ವಿಕ್ಟೋರಿಯಾ ರಾಣಿ 50 ಪೌಂಡ್ ಕಳಿಸಿದಳು, ಅಪ್ಪ ಮಗಳು ಇಬ್ಬರಿಗೂ ಬೆಳ್ಳಿ ಪದಕ ಸಿಕ್ಕಿತು. ಹಿಂದೇಟು ಹಾಕಿದ ಅಪ್ಪನನ್ನು ಮಗಳೇ ಒಪ್ಪಿಸಿದಳು ಅನ್ನುವ ಕಥೆಯೂ ಆಗಲೇ ಹಬ್ಬಿತು. ಆದರೆ ಅಪ್ಪ ಬರೆದ ವರದಿ ತುಂಬಾ ಒಣ, ಅದರಲ್ಲಿ ಅಂಥ ನಾಟಕವೇನೂ ಇಲ್ಲ. ನನಗೆ ಆ ವರದಿಯ ಮೇಲೇ ನಂಬಿಕೆ. ಅದೇ ಬೆಳಿಗ್ಗೆ ಕರಾವಳಿಯ ಸೀಹೌಸಸ್ ಊರಿನಿಂದ ಹೊರಟ ಇನ್ನೊಂದು ದೋಣಿಯಲ್ಲಿ ಗ್ರೇಸ್‌ಳ ತಮ್ಮನೂ ಇದ್ದ. ಅವರು ತಲುಪುವಷ್ಟರಲ್ಲಿ ಬಂಡೆ ಮೇಲೆ ಉಳಿದಿದ್ದು ಹೆಣಗಳು ಮಾತ್ರ. ಆ ದೋಣಿಯಲ್ಲಿ ಹೋದವರ ಹೆಸರು ಯಾರಿಗೆ ಗೊತ್ತು? ಗ್ರೇಸ್ ಕೂಡ ಹೆಚ್ಚು ದಿನ ಬದುಕಲಿಲ್ಲ. 1842ರಲ್ಲಿ, 26ನೇ ವಯಸ್ಸಿಗೆ ಕ್ಷಯರೋಗದಿಂದ ಹೋದಳು.

ಎಡಿನ್‌ಬರೋದಿಂದ ರೈಲಿನಲ್ಲಿ ಬೆರಿಕ್‌ಗೆ ಮುಕ್ಕಾಲು ಗಂಟೆ, ಅಲ್ಲಿಂದ ಬಸ್ಸು. ಮ್ಯೂಸಿಯಂ ನಡೆಸುವುದು ಆರ್‌ಎನ್‌ಎಲ್‌ಐ (ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್), ಪ್ರವೇಶ ಉಚಿತ. ಡಬ್ಬಿಗೆ ಏನಾದರೂ ಹಾಕಿ, ಸಮುದ್ರದಲ್ಲಿ ಜನರನ್ನು ಕಾಪಾಡುವ ಸಂಸ್ಥೆ ಅದು. ಎದುರಿಗೇ ಸೇಂಟ್ ಏಡನ್ ಚರ್ಚ್, ಅದರ ಅಂಗಳದಲ್ಲಿ ಅವಳ ಸಮಾಧಿ. ದೋಣಿ ಪ್ರವಾಸ ಸಿಗುವುದು ಮೂರು ಮೈಲಿ ಆಚೆಯ ಸೀಹೌಸಸ್‌ನಲ್ಲಿ, ಹೆಚ್ಚಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಬುಕ್ ಮಾಡುವಾಗ ಲಾಂಗ್‌ಸ್ಟೋನ್‌ನಲ್ಲಿ ಇಳಿಸುತ್ತಾರಾ ಅಂತ ಕೇಳಿ, ಎಲ್ಲ ದೋಣಿಗಳೂ ಇಳಿಸುವುದಿಲ್ಲ. ದೋಣಿಯ ಹೊತ್ತು ನೋಡಿಕೊಂಡು ಮ್ಯೂಸಿಯಂ ಹೊಂದಿಸಿಕೊಳ್ಳಿ. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ. ಆಗ ಬ್ಯಾಂಬರೋ ಕೋಟೆ ಇದ್ದೇ ಇದೆ.