ಹರಿದ ಚೆಕ್‌ಗೆ ಟೇಪ್ ಹಚ್ಚಿ ಬ್ಯಾಂಕಿಗೆ ಹಾಕಬಹುದಾ?

ಹಾಸನದಲ್ಲಿ ಬಾಡಿಗೆ ಮನೆ ಖಾಲಿ ಮಾಡಿದಾಗ ಓನರ್ ಅಡ್ವಾನ್ಸ್ ಹಣಕ್ಕೆ ಚೆಕ್ ಕೊಟ್ಟರು, ಅದನ್ನು ನಿಮ್ಮ ಮಗು ಎರಡು ತುಂಡು ಮಾಡಿಬಿಟ್ಟಿದೆ, ಟೇಪ್ ಹಚ್ಚಿ ಡ್ರಾಪ್ ಬಾಕ್ಸ್‌ಗೆ ಹಾಕಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ಓನರ್ ಹತ್ತಿರ ಮತ್ತೆ ಹೋಗೋಕೆ ಮುಜುಗರ ಅಂತಲೂ ಬರೆದಿದ್ದೀರಿ.

ಡ್ರಾಪ್ ಬಾಕ್ಸ್‌ಗೆ ಮಾತ್ರ ಹಾಕಬೇಡಿ. ಮುಜುಗರ ಆದರೂ ಓನರ್ ಹತ್ತಿರವೇ ಹೋಗಿ. ಎರಡೂ ತುಂಡು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ ಸಣ್ಣ ತೋಟ. ಕಾಳುಮೆಣಸು ಮಾರಿದ ದುಡ್ಡಿಗೆ ವ್ಯಾಪಾರಿ ಚೆಕ್ ಬರೆದುಕೊಟ್ಟಿದ್ದರು. ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದರು. ಅರ್ಧ ದಾರಿಗೆ ಮಳೆ ಹಿಡಿಯಿತು. ಮನೆಗೆ ಬಂದು ತೆಗೆದರೆ ಚೆಕ್ ನೆನೆದ ಹಪ್ಪಳದ ಹಾಗೆ ಆಗಿತ್ತು. ಅಮ್ಮ ಒಲೆ ಪಕ್ಕ ಒಣಗಿಸಿ, ಮೇಲೆ ತೆಳು ಬಟ್ಟೆ ಹಾಕಿ ಇಸ್ತ್ರಿ ಮಾಡಿದರು. ಪ್ರಿಂಟ್ ಆದ ಅಕ್ಷರಗಳಿಗೆ ಏನೂ ಆಗಿರಲಿಲ್ಲ. ಆದರೆ ವ್ಯಾಪಾರಿ ಜೆಲ್ ಪೆನ್ನಿನಲ್ಲಿ ಬರೆದಿದ್ದರು. 38,500 ಅನ್ನೋದರಲ್ಲಿ 8 ಪೂರ್ತಿ ನೀಲಿ ಮಚ್ಚೆ. ಮಡಿಕೆ ಇದ್ದ ಕಡೆ ಕೆಳಗಿನ ಅಂಚು ಎರಡು ಬೆರಳಗಲ ಹರಿದಿತ್ತು.

ಮಸುಕಾದ ಅಂಕಿಯ ಮೇಲೆ ನಾನೇ ಪೆನ್ನು ಆಡಿಸಲು ಹೊರಟಿದ್ದೆ. ಅಪ್ಪ ತಡೆದರು. ತಡೆದದ್ದು ಒಳ್ಳೆಯದೇ ಆಯಿತು. ದಿನಾಂಕ ಬಿಟ್ಟು ಬೇರೆ ಏನನ್ನು ತಿದ್ದಿದ್ದರೂ ಆ ಚೆಕ್ ಕ್ಲಿಯರಿಂಗ್‌ನಲ್ಲಿ, ಅಂದರೆ ನಾವು ಹಾಕಿದ ಚೆಕ್‌ಗೆ ಬರೆದವರ ಬ್ಯಾಂಕಿನಿಂದ ದುಡ್ಡು ತರಿಸುವಲ್ಲಿ, ನಡೆಯೋದಿಲ್ಲ. ತಿದ್ದಿದ ಜಾಗದಲ್ಲಿ ಸಹಿ ಹಾಕಿಸಿದರೂ ಅಷ್ಟೇ.

ಚಿಕ್ಕಮಗಳೂರಿನ ಶಾಖೆಯಲ್ಲಿ ಕೌಂಟರಿನಲ್ಲಿದ್ದ ಮೇಡಂ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೆಳಗಿನ ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರು. ನಿಮ್ಮ ಚೆಕ್‌ನಲ್ಲೂ ಮೊದಲು ಆ ಪಟ್ಟಿ ನೋಡಿ. ಅಲ್ಲಿ ಸಾಲಾಗಿ ವಿಚಿತ್ರ ಆಕಾರದ ಅಂಕಿಗಳಿವೆ, ಅಲ್ವಾ? ಮೊದಲ 6 ಅಂಕಿ ಚೆಕ್ ನಂಬರ್. ಮುಂದಿನ 9 ಅಂಕಿ ಊರು, ಬ್ಯಾಂಕು, ಶಾಖೆ ಯಾವುದು ಅಂತ ಹೇಳುತ್ತವೆ. ಅದನ್ನು ಮುದ್ರಿಸುವುದು ಕಾಂತೀಯ ಶಾಯಿಯಲ್ಲಿ, ಓದುವುದು ಯಂತ್ರ. ಆ ಜಾಗದಲ್ಲಿ ಹರಿದರೆ, ಟೇಪ್ ಅಂಟಿಸಿದರೆ, ಸುಮ್ನೆ ಸ್ಟೇಪ್ಲರ್ ಪಿನ್ ಹೊಡೆದರೂ ಯಂತ್ರ ತಡವರಿಸುತ್ತದೆ. ಚಲನ್ ಜೊತೆ ಪಿನ್ ಹೊಡೆಯೋ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ, ಬಿಡಬೇಕು.

ಇನ್ನೊಂದು ವಿಷಯ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಈಗ ಚೆಕ್ ಕಾಗದ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುವುದೇ ಇಲ್ಲ. ನಾವು ಹಾಕಿದ ಬ್ಯಾಂಕಿನಲ್ಲೇ ಉಳಿಯುತ್ತದೆ, ಹೋಗುವುದು ಬರೀ ಚಿತ್ರ. ಮುಂಭಾಗದ್ದು ಎರಡು, ಹಿಂಭಾಗದ್ದು ಒಂದು. ಬಣ್ಣ ಇರೋದಿಲ್ಲ, ಕಪ್ಪು ಬಿಳುಪು. ದುಡ್ಡು ಕೊಡಬೇಕಾದ ಬ್ಯಾಂಕಿನವರು ನೋಡೋದು ಆ ಚಿತ್ರವನ್ನು ಮಾತ್ರ. ನಿಮ್ಮ ಮಗು ಹರಿದದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಓನರೇ ಬೇಡ ಅಂತ ಹರಿದು ಎಸೆದ ಚೆಕ್ಕನ್ನು ಯಾರೋ ಹೆಕ್ಕಿ ಅಂಟಿಸಿರಬಹುದು ಅಂತಲೇ ಅವರು ಯೋಚಿಸುತ್ತಾರೆ. ಹಾಗೆ ಯೋಚಿಸುವುದು ಸರಿಯೂ ಹೌದು. ಚೆಕ್ ಹಾಳಾಗಿದೆ, ಅದನ್ನು ಕಳಿಸಿದ ಬ್ಯಾಂಕಿನ ಗ್ಯಾರಂಟಿ ಬೇಕು ಅಂತ ಕಾರಣ ಬರೆದು ವಾಪಸ್ ಕಳಿಸುತ್ತಾರೆ.

ಹರಿದ ನೋಟು ಬದಲಾಯಿಸಿ ಕೊಡುತ್ತಾರಲ್ಲ, ಚೆಕ್ ಯಾಕಿಲ್ಲ ಅಂತ ಅಪ್ಪ ಕೇಳಿದರು. ನೋಟು ರಿಸರ್ವ್ ಬ್ಯಾಂಕ್ ಕೊಟ್ಟ ಮಾತು, ಅದಕ್ಕೆ ಬೇರೆ ನಿಯಮವೇ ಇದೆ. ಚೆಕ್ ಹಾಗಲ್ಲ. ಖಾತೆ ಇರುವವರು ತಮ್ಮ ಬ್ಯಾಂಕಿಗೆ ಬರೆದ ಆದೇಶ ಅದು. ಹಾಳಾದರೆ ಅದನ್ನು ಹೊಸದಾಗಿ ಬರೆಯೋಕೆ ಆಗುವುದು ಅವರಿಗೊಬ್ಬರಿಗೇ.

ಅಂಚಿನಲ್ಲಿ ಚೂರು ಹರಿದಿದ್ದು, ಹೆಸರು, ಮೊತ್ತ, ಸಹಿ, ಕೆಳಗಿನ ಪಟ್ಟಿ ಎಲ್ಲ ಸರಿಯಿದ್ದರೆ ಮಾತ್ರ ಕೌಂಟರಿನಲ್ಲಿ ಕೇಳಿ ನೋಡಬಹುದು. ನಿಮ್ಮ ಬ್ಯಾಂಕು ಒಪ್ಪಿದರೆ ಗ್ಯಾರಂಟಿ ಕೊಟ್ಟು ಕಳಿಸುತ್ತದೆ. ಕೌಂಟರಿನಲ್ಲಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ, ಅದನ್ನು ಕೊಡೋದಿಲ್ಲ ಅನ್ನೋ ಹಾಗಿಲ್ಲ. ಆದರೆ ನಿಮ್ಮದು ಎರಡು ತುಂಡು. ಅದಕ್ಕೆ ಈ ದಾರಿ ನಾನು ಹೇಳೋದಿಲ್ಲ.

ಓನರ್ ವಿಷಯಕ್ಕೆ ಬರುತ್ತೇನೆ. ಹೊಸ ಚೆಕ್ ಕೇಳೋಕೆ ಹೋದಾಗ ವ್ಯಾಪಾರಿ ಅಪ್ಪನನ್ನು ಮೊದಲು ಕೇಳಿದ್ದು, "ಹಳೇದು ಎಲ್ಲಿ?" ಅಂತ. ಅವರ ಭಯ ಅದೊಂದೇ, ಎರಡು ಸಲ ದುಡ್ಡು ಹೋಗಿಬಿಟ್ಟರೆ? ಅಪ್ಪ ಚೆಕ್ಕನ್ನು ಮೇಜಿನ ಮೇಲಿಟ್ಟರು. ಅವರು ನಂಬರ್ ನೋಡಿ ಚೆಕ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡು, ತಾವೇ ಅದನ್ನು ಚೂರು ಮಾಡಿ ಹೊಸದು ಬರೆದುಕೊಟ್ಟರು. ಐದು ನಿಮಿಷದ ಕೆಲಸ. ಹಳೇ ಚೆಕ್ ಕಳೆದಿದ್ದರೆ ಅವರು ಅದಕ್ಕೆ ದುಡ್ಡು ಕೊಡಬೇಡಿ ಅಂತ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಬರೆದುಕೊಡಬೇಕಿತ್ತು, ಅದಕ್ಕೆ ಚಾರ್ಜ್ ಬೇರೆ. ಹಾಗಾಗಿ ನಿಮ್ಮ ತುಂಡುಗಳನ್ನು ಎಸೆಯಬೇಡಿ, ಟೇಪನ್ನೂ ಹಚ್ಚಬೇಡಿ.

ಹೋಗುವಾಗ ನಿಮ್ಮ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಓನರ್ ನೆಫ್ಟ್ ಮಾಡುತ್ತೇನೆ, ಅಂದರೆ ನೇರ ನಿಮ್ಮ ಖಾತೆಗೇ ಹಣ ಕಳಿಸುತ್ತೇನೆ ಅಂತ ಹೇಳಿದರೆ ಇನ್ನೂ ಸುಲಭ. ಹೊಸ ಚೆಕ್ ಕೊಟ್ಟರೂ ಈಗ ಜಾಸ್ತಿ ಕಾಯಬೇಕಿಲ್ಲ. 2025ರ ಅಕ್ಟೋಬರ್ 4ರಿಂದ, ಹಗಲು ನಿಗದಿತ ಸಮಯದೊಳಗೆ ಕ್ಲಿಯರಿಂಗ್‌ಗೆ ಹೋದ ಚೆಕ್‌ಗೆ ಆ ದಿನ ಸಂಜೆ 7ರೊಳಗೆ ಉತ್ತರ ಬರಬೇಕು ಅಂತ ಆಗಿದೆ.

ಹೊಸ ಚೆಕ್ಕನ್ನು ಮಡಿಸದೆ ಪಾಸ್‌ಬುಕ್ ಒಳಗಿಟ್ಟು, ಅಲ್ಲಿಂದ ನೇರ ಬ್ಯಾಂಕಿಗೇ ಹೋಗಿ.