ಎರೆ ಹೊಲದಲ್ಲಿ ದಿಮ್ಮಿ ಮನೆ ಕಟ್ಟಬಹುದಾ?

ಪ್ರಶ್ನೆ: ಯಲಬುರ್ಗಾ ತಾಲೂಕಿನಲ್ಲಿ ನಮ್ಮದು ಎರಡು ಎಕರೆ ಎರೆ ಹೊಲ. ವಿಡಿಯೊಗಳಲ್ಲಿ ತೋರಿಸುವ ಹಾಗೆ ಮರದ ದಿಮ್ಮಿಗಳನ್ನೇ ಒಂದರ ಮೇಲೊಂದು ಜೋಡಿಸಿ ಎರಡು ಕೋಣೆಯ ಮನೆ ಕಟ್ಟುವ ಆಸೆ. ಬದುವಿನಲ್ಲಿ ನೀಲಗಿರಿ ಇದೆ, ನಾಲ್ಕೈದು ಬೇವಿನ ಮರಗಳೂ ಇವೆ. ಮನೆಯವರು ಮಾತ್ರ, "ಬೇಸಿಗೆಯಲ್ಲಿ ಬೆಂದು ಹೋಗ್ತೀವಿ, ಉಳಿದದ್ದನ್ನ ಗೆದ್ದಲು ತಿನ್ನುತ್ತೆ" ಅಂತಾರೆ. ಏನು ಮಾಡಲಿ ಸರ್?

ಉತ್ತರ: ಮನೆಯವರ ಮಾತು ಅರ್ಧ ನಿಜ. ಸೆಕೆ ವಿಷಯದಲ್ಲಿ ಮರಕ್ಕೆ ಸುಮ್ನೆ ಕೆಟ್ಟ ಹೆಸರು. ಅಷ್ಟೇ ದಪ್ಪದ ಕಲ್ಲಿಗಿಂತ ಮರ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಇಂಥ ಮನೆಗಳು ಕಾದು ಬಿಸಿಯಾಗುವುದು ಮೇಲೆ ಹೊದಿಸುವ ತಗಡಿನಿಂದ. ಗೆದ್ದಲಿನ ಮಾತು ಪೂರ್ತಿ ನಿಜ. ಆದರೆ ಇವೆರಡಕ್ಕಿಂತ ದೊಡ್ಡ ತಲೆನೋವು ನಿಮ್ಮ ಎರೆ ಮಣ್ಣು.

ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲದ ಬಿರುಕಿನೊಳಗೆ ಒಂದು ಜೋಳದ ದಂಟು ಇಳಿಸಿ ನೋಡಿ. ಅದು ಇಳಿದಷ್ಟು ಆಳದ ಮಣ್ಣಂತೂ ವರ್ಷ ವರ್ಷ ಅಲುಗಾಡುತ್ತದೆ. ಪಾಯ ಅದಕ್ಕಿಂತ ಕೆಳಗೇ ಹೋಗಬೇಕು. ಮನೆ ಬರುವ ಜಾಗದಲ್ಲಿ ಒಂದು ಗುಂಡಿ ತೋಡಿಸಿ. ನಾಲ್ಕೈದು ಅಡಿಗೆ ಗಟ್ಟಿ ಗರಸು (ಹರಳು ಬೆರೆತ ಮಣ್ಣು) ಸಿಕ್ಕರೆ ನಿಮ್ಮ ಅದೃಷ್ಟ, ಅಲ್ಲಿಂದಲೇ ಕಲ್ಲಿನ ಪಾಯ ಎಬ್ಬಿಸಬಹುದು. ಸಿಗದಿದ್ದರೆ ಅಂಡರ್‌ರೀಮ್ಡ್ ಪೈಲ್ ಹಾಕಿಸಿ. ಸುಮಾರು ಮೂರೂವರೆ ಮೀಟರ್ ಆಳದ ಕಾಂಕ್ರೀಟ್ ಕಂಬ ಅದು, ಬುಡದ ಹತ್ತಿರ ಗಡ್ಡೆಯ ಹಾಗೆ ಉಬ್ಬಿರುತ್ತದೆ. ಅದರ ಮೇಲೆ ಬರುವ ಬೀಮಿನ ಅಡಿಗೆ ಮೂರು ಇಂಚು ಖಾಲಿ ಬಿಡಬೇಕು. ಮೇಸ್ತ್ರಿಗಳು "ಸಂದಿ ಯಾಕೆ" ಅಂತ ಮಣ್ಣು ತುಂಬಿಬಿಡುತ್ತಾರೆ, ಆ ಹೊತ್ತಿಗೆ ನೀವೇ ನಿಂತು ನೋಡಿಕೊಳ್ಳಿ. ಉಬ್ಬಲು ಜಾಗ ಇಲ್ಲದಿದ್ದರೆ ಎರೆ ಬೀಮನ್ನೇ ಎತ್ತುತ್ತದೆ.

ಇನ್ನು ದಿಮ್ಮಿ. ಚಳಿ ದೇಶಗಳಲ್ಲಿ ಪೈನ್, ಸ್ಪ್ರೂಸ್ ಮರಗಳು ನೆಟ್ಟಗೆ ಬೆಳೆಯುತ್ತವೆ, ಜೋಡಿಸಲು ಸಲೀಸು. ನೀಲಗಿರಿ ನಿಂತಾಗ ನೆಟ್ಟಗಿದ್ದರೂ ಒಣಗುವಾಗ ತಿರುಚಿಕೊಂಡು ಸೀಳುತ್ತದೆ. ಯಾವ ಮರವಾದರೂ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ದಪ್ಪದಲ್ಲಿ ಕುಗ್ಗುವುದೇ ಜಾಸ್ತಿ. ಹಾಗಾಗಿ ಹಸಿ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದರೆ ಎಂಟು ಅಡಿ ಗೋಡೆ ಮೂರ್ನಾಲ್ಕು ಇಂಚು ಇಳಿಯಬಹುದು. ಬಾಗಿಲು ಸಿಕ್ಕಿಕೊಳ್ಳುತ್ತದೆ, ದಿಮ್ಮಿಗಳ ನಡುವೆ ಬಿರುಕು ಬಿಡುತ್ತದೆ. ಚೇಳಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ?

ಅದೇ ಮರವನ್ನು ಕಂಬವಾಗಿ ನಿಲ್ಲಿಸಿ, ಇಳಿಯುವ ಚಿಂತೆ ಇರುವುದಿಲ್ಲ. ನಮ್ಮ ಮಾಳಿಗೆ ಮನೆಗಳಲ್ಲಿ ಕಂಬ, ತೊಲೆ, ಜಂತಿ ಮರದ್ದು, ಗೋಡೆ ಕಲ್ಲು ಮಣ್ಣಿನದು. ನಿಮಗೂ ನನ್ನ ಸಲಹೆ ಅದೇ. ಕಿಟಕಿ ಮಟ್ಟದವರೆಗೆ ಕಲ್ಲು, ಅದರ ಮೇಲೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ. ಇಟ್ಟಿಗೆಗೆ ಕೆಂಪು ಮಣ್ಣು ತರಿಸಿ, ಎರೆ ಬೇಡ. ಮೇಲೆ ಮಂಗಳೂರು ಹೆಂಚು, ಅದರ ಅಡಿ ಗಾಳಿಯಾಡುವಷ್ಟು ಜಾಗ ಬಿಟ್ಟು ಹಲಗೆ. ಸೂರು ಮೂರು ಅಡಿ ಹೊರಗೆ ಚಾಚಲಿ. ದಿಮ್ಮಿಯ ಆಸೆಯನ್ನು ಪಡಸಾಲೆಯಲ್ಲಿ ತೀರಿಸಿಕೊಳ್ಳಿ.

ಗೆದ್ದಲಿಗೆ ಹೆದರಬೇಡಿ, ಆದರೆ ಕಂಬವನ್ನು ನೆಲದಲ್ಲಿ ಹೂಳಬೇಡಿ. ನೆಲದಿಂದ ಒಂದೂವರೆ ಅಡಿ ಎತ್ತರದ ಕಲ್ಲಿನ ಮೇಲೆ ಕೂರಿಸಿ, ಕಲ್ಲಿಗೂ ಮರಕ್ಕೂ ನಡುವೆ ಜಿಂಕ್ ತಗಡು ಇಟ್ಟು ಅದರ ಅಂಚನ್ನು ಸುತ್ತಲೂ ಕೆಳಕ್ಕೆ ಬಗ್ಗಿಸಿ. ಗೆದ್ದಲು ಮರ ಮುಟ್ಟಬೇಕಾದರೆ ಆ ಅಂಚನ್ನು ಬಳಸಿ ಮಣ್ಣಿನ ಗೂಡು ಕಟ್ಟಲೇಬೇಕು. ಕಂಡ ಕೂಡಲೇ ಕೆರೆದು ಹಾಕಿ. ಬೇವು ಗೆದ್ದಲಿಗೆ ತಕ್ಕಮಟ್ಟಿಗೆ ತಡೆಯುತ್ತದೆ, ಕಂಬಕ್ಕೆ ಅದೇ ಇರಲಿ. ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ಒಂದು ಮಾತು ಕೇಳಿ. ನೀಲಗಿರಿಗೆ ಕಡಿಯುವ ಅನುಮತಿ ಬೇಕಿಲ್ಲ. ಕಡಿದ ಮರ ನೆರಳಲ್ಲಿ ಒಂದು ವರ್ಷವಾದರೂ ಒಣಗಲಿ.

ನೀವು ಕೇಳದಿದ್ದರೂ ಒಂದು ವಿಷಯ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ರೈತ ತನ್ನ ವಾಸಕ್ಕೆ ಹೊಲದಲ್ಲಿ ಮನೆ ಕಟ್ಟಿಕೊಳ್ಳಲು ಜಮೀನಿನ ಶೇ 10ರಷ್ಟು ಜಾಗ ಬಳಸಬಹುದು. ನಿಮ್ಮ 80 ಗುಂಟೆಗೆ 8 ಗುಂಟೆ ಆಯ್ತು, ಎರಡು ಕೋಣೆಗೆ ಧಾರಾಳ. ಆದರೆ ಅದನ್ನು ವ್ಯಾಪಾರಕ್ಕೆ ಬಾಡಿಗೆ ಕೊಡುವಂತಿಲ್ಲ. ಹಂಪಿ ಹತ್ತಿರ ಇದೆ, ಹೋಂಸ್ಟೇ ಮಾಡೋಣ ಅನ್ನುವ ಯೋಚನೆ ಇದ್ದರೆ ಭೂಪರಿವರ್ತನೆ ಮಾಡಿಸಿಕೊಂಡೇ ಪಾಯಕ್ಕೆ ಕೈ ಹಾಕಿ.